ಅಹಮದ್ ಬ್ಯಾರಿಯ ಎತ್ತಿನ ಗಾಡಿ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅಂದಿನಿಂದ ಅದರ ಬಗ್ಗೆ ಬಂದ ವಿಮರ್ಶೆಗಳನ್ನೆಲ್ಲ ಒಟ್ಟು ಹಾಕಿದರೆ ಕಾದಂಬರಿಗಿಂತ ಎಷ್ಟೋ ಪಟ್ಟು ದಪ್ಪವಾದೀತು. ನಾನು ಅದನ್ನು ಮೊದಲ ಸಲ ಓದಿದ್ದು ಪಿಯುಸಿಯಲ್ಲಿ. ಉರ್ದು ಶಾಲೆಯಿಂದ ಬಂದವನಿಗೆ ಆ ಅಗ್ರಹಾರದ ಕನ್ನಡ ಅರ್ಧ ಮಾತ್ರ ದಕ್ಕಿತ್ತು. ಓದುತ್ತಾ ಹೋದಂತೆ ಅಹಮದ್ ಬ್ಯಾರಿ ಎಂಬ ಹೆಸರು ಕಂಡಿತು. ಅಂತೂ ನಮ್ಮವನೊಬ್ಬ ಸಿಕ್ಕನಲ್ಲ ಎಂದು ಖುಷಿಯಿಂದ ಪುಟ ತಿರುವಿದೆ. ಅವನು ಆಗಲೇ ಹೊರಟುಹೋಗಿದ್ದ.

ಕಥೆ ಗೊತ್ತಿರುವುದೇ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಕುಡಿದವನು, ಮಾಂಸ ತಿಂದವನು, ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು, ಮುಸ್ಲಿಂ ಗೆಳೆಯರೊಡನೆ ದೇವರ ಕೆರೆಯ ಮೀನು ಹಿಡಿದವನು. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಪ್ರಾಣೇಶಾಚಾರ್ಯರು ಉತ್ತರ ಹುಡುಕಿ ಮೊದಲು ಗ್ರಂಥಗಳ ಮೊರೆಹೋಗುತ್ತಾರೆ, ಆಮೇಲೆ ಮಾರುತಿಯ ಗುಡಿಗೆ ಹೋಗುತ್ತಾರೆ. ಎರಡೂ ಕಡೆ ಉತ್ತರವಿಲ್ಲ. ಗುಡಿಯಿಂದ ಹಿಂತಿರುಗುವಾಗ ಕಾಡಿನ ಕತ್ತಲಲ್ಲಿ ಅವರು ಚಂದ್ರಿಯನ್ನು ಕೂಡುತ್ತಾರೆ.

ತನ್ನನ್ನು ತಾನು ಅರಿಯುವುದು ಎಂದರೇನು ಎಂಬ ಚರ್ಚೆಗೆ ನಮ್ಮ ವಿಮರ್ಶಕರು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕಾದಂಬರಿಯ ಆರಂಭದ ಪುಟ. ಆಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಗಂಜಿ ಕುಡಿಸುತ್ತಾರೆ. ವರ್ಷಗಟ್ಟಲೆ ಬೇಸರವಿಲ್ಲದೆ ಮಾಡಿಕೊಂಡು ಬಂದ ಸೇವೆ ಇದು. ಇದಕ್ಕಿಂತ ದೊಡ್ಡ ದಯೆ ಉಂಟೆ? ಆದರೆ ಈ ಸೇವೆಯೇ ತನ್ನನ್ನು ಮಾಗಿಸುವ ತಪಸ್ಸೆಂದು ಆಚಾರ್ಯರು ತಿಳಿದಿದ್ದಾರೆ. ರೋಗಿಯನ್ನು ಮದುವೆಯಾದದ್ದು ಅವರಿಗೆ ಒಂದು ಪುಣ್ಯದ ಅವಕಾಶ. ಹಾಗಾದರೆ ಹಾಸಿಗೆಯ ಮೇಲಿರುವ ಆ ಹೆಂಗಸು ಯಾರು? ಅವಳಿಗೆ ಏನನ್ನಿಸುತ್ತದೆ? ಅವರು ಒಮ್ಮೆಯೂ ಮನಸ್ಸಿಟ್ಟು ಕೇಳಿಕೊಂಡಂತಿಲ್ಲ. ತನ್ನ ಒಳಗನ್ನು ಕಾಣದವನ ದಯೆ ಹೀಗೆಯೇ ಇರುತ್ತದೆ. ಅವನು ಇನ್ನೊಬ್ಬರ ಬಾಯಿಗೆ ಗಂಜಿ ಹಾಕುತ್ತಿರುವಾಗಲೂ ನೋಡುತ್ತಿರುವುದು ತನ್ನ ಮುಖವನ್ನೇ. ಅನಂತಮೂರ್ತಿಯವರು ಇದನ್ನು ಎಲ್ಲಿಯೂ ವಾಚ್ಯವಾಗಿಸದೆ ತೋರಿಸಿದ್ದಾರೆ. ಕನ್ನಡದಲ್ಲಿ ಒಳ್ಳೆಯತನವನ್ನು ಇಷ್ಟು ನಿರ್ದಯವಾಗಿ ಪರೀಕ್ಷೆ ಮಾಡಿದ ಪುಟಗಳು ಕಡಿಮೆ.

ಆದರೆ ಆ ರಾತ್ರಿ ಹೆಣದ ಗತಿ ಏನಾಯಿತು? ಊದಿಕೊಂಡು ನಾರುತ್ತಿದ್ದ ದೇಹವನ್ನು ನೋಡಿ ಹೆದರಿದ ಚಂದ್ರಿ ಮೊದಲು ಗಾಡಿಯವನೊಬ್ಬನನ್ನು ಬೇಡುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟುವ ಪಾಪ ಬೇಡವೆಂದು ಅವನು ಹಿಂಜರಿಯುತ್ತಾನೆ. ಆಮೇಲೆ ಅವಳು ಸಾಬರ ಕೇರಿಗೆ ಹೋಗುತ್ತಾಳೆ. ಮೀನು ವ್ಯಾಪಾರಿ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ. ಹೆಣ, ಸೌದೆ ಹೇರಿಕೊಂಡು ಹೋಗಿ ಸುಟ್ಟು ಬರುತ್ತಾನೆ. ಕಾರಣ ಇಷ್ಟೇ: ಹಿಂದೊಮ್ಮೆ ಕಷ್ಟದಲ್ಲಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ದುಡ್ಡು ಕೊಟ್ಟಿದ್ದ.

ಕಾದಂಬರಿ ಮುಗಿಯುವವರೆಗೂ ಆಚಾರ್ಯರಿಗೆ ಇದು ತಿಳಿಯುವುದಿಲ್ಲ. ಮಾಲೇರ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಲೆದು, ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಉಂಡು, ತಾನು ಯಾರೆಂದು ಚಿತ್ರಹಿಂಸೆಪಟ್ಟು ಅವರು ದೂರ್ವಾಸಪುರದ ಕಡೆಗೆ ಮರಳುವಾಗ ಹೆಣ ಎಂದೋ ಬೂದಿಯಾಗಿರುತ್ತದೆ.

ಮಯ್ಯತ್ತಿನ ಸಂಸ್ಕಾರವನ್ನು ನಮ್ಮಲ್ಲಿ ಫರ್ಝ್ ಕಿಫಾಯ ಎನ್ನುತ್ತಾರೆ. ಊರಲ್ಲಿ ಕೆಲವರು ಮಾಡಿದರೆ ಎಲ್ಲರ ಹೊಣೆ ತೀರಿತು, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಹೆಣ ಬಿದ್ದಿರುವಾಗ ಯಾರೂ ಉಣ್ಣಬಾರದೆಂಬ ಅಗ್ರಹಾರದ ಕಟ್ಟಳೆಯ ಬೇರೂ ಇದೇ ಇರಬೇಕು. ಆ ಹೊಣೆಯನ್ನು ಅದಕ್ಕೆ ಸೇರದ ಮೀನಿನವನೊಬ್ಬ ಒಂದು ರಾತ್ರಿಯಲ್ಲಿ ತೀರಿಸಿ ಹೋದ. ಅವನಿಗೆ ತನ್ನ ಬಗ್ಗೆ ತಿಳಿದಿದ್ದ ಸಂಗತಿ ಒಂದೇ, ತಾನು ಒಬ್ಬನಿಂದ ಪಡೆದವನು ಎಂಬುದು. ಇದೂ ಆತ್ಮಜ್ಞಾನವೇ. ಆಚಾರ್ಯರದು ತನ್ನ ತಪ್ಪನ್ನು ಅರಿತವನ ಸಂಕಟ, ಬ್ಯಾರಿಯದು ತನ್ನ ಋಣವನ್ನು ಅರಿತವನ ನಡೆ. ಮೊದಲನೆಯದಕ್ಕೆ ಇಡೀ ಕಾದಂಬರಿ ಸಿಕ್ಕಿದೆ, ಎರಡನೆಯದಕ್ಕೆ ಕೆಲವೇ ಸಾಲುಗಳು.

ಇಲ್ಲಿ ನನ್ನ ತಕರಾರಿದೆ. ಹೂಳುವ ಪದ್ಧತಿಯಲ್ಲಿ ಬೆಳೆದವನಿಗೆ ಗೆಳೆಯನ ದೇಹಕ್ಕೆ ಬೆಂಕಿ ಇಡುವಾಗ ಕೈ ನಡುಗಲಿಲ್ಲವೆ? ಮನೆಗೆ ಹೋಗಿ ಹೆಂಡತಿಗೆ ಏನೆಂದ? ಅಗ್ರಹಾರಕ್ಕೆ ಗೊತ್ತಾದರೆ ತನ್ನ ಕೇರಿಯ ಗತಿಯೇನು ಎಂದು ಎಣಿಸಿದನೆ? ಅವನಿಗೆ ಒಳಗು ಎಂಬುದೇ ಇಲ್ಲದಂತೆ ಎತ್ತಿನ ಬಾಲ ತಿರುಚಿ ಅವನನ್ನು ಕಳಿಸಿಬಿಡಲಾಗಿದೆ. ಬಹಿಷ್ಕಾರ ಹಾಕಿದರೆ ಮುಸ್ಲಿಮನಾಗಿಬಿಡುತ್ತೇನೆ ಎಂದು ನಾರಣಪ್ಪ ಅಗ್ರಹಾರವನ್ನು ಬೆದರಿಸುತ್ತಿದ್ದ. ಅಂದರೆ ಈ ಕೃತಿಯಲ್ಲಿ ನಾವು ಒಂದೋ ಬೆದರಿಕೆ, ಇಲ್ಲವೇ ಉಪಕಾರ. ಅಗ್ರಹಾರದ ಕಣ್ಣಿಗೆ ಬೀಳುವುದೇ ಅಷ್ಟು, ಕಾದಂಬರಿಕಾರ ಅದನ್ನೇ ತೋರಿಸಿದ್ದಾರೆ ಎಂದು ಗೆಳೆಯರೊಬ್ಬರು ವಾದಿಸಿದರು. ಅರ್ಧ ಒಪ್ಪಿದ್ದೇನೆ. ಆದರೆ ಅಗ್ರಹಾರಕ್ಕೆ ಕಾಣದ ಚಂದ್ರಿಯ ಮನಸ್ಸಿನೊಳಗೆ ಲೇಖಕರು ಧಾರಾಳವಾಗಿ ಹೋಗಿದ್ದಾರಲ್ಲ! ‘ಸಂಸ್ಕಾರ’ದ ನಂತರವೂ ನಮ್ಮ ಕಥೆ, ಸಿನಿಮಾಗಳಲ್ಲಿ ಒಬ್ಬ ಒಳ್ಳೆಯ ಸಾಬಿ ಸರಿಯಾದ ಹೊತ್ತಿಗೆ ಬಂದು ಸಹಾಯ ಮಾಡಿ ಮರೆಯಾಗುತ್ತಲೇ ಇದ್ದಾನೆ. ಅವನಿಗೆ ಸಿಟ್ಟಿಲ್ಲ, ಸಣ್ಣತನವಿಲ್ಲ, ಸಾಲಗಾರರ ಕಾಟವಿಲ್ಲ. ಇಂಥವನ ಜೊತೆ ಬಾಳುವುದು ಸುಲಭ, ಏಕೆಂದರೆ ಅವನು ಪಕ್ಕದ ಮನೆಯಲ್ಲಿ ವಾಸಿಸುತ್ತಿಲ್ಲ.

ಈ ಲೇಖನ ಬರೆಯುವ ಮುನ್ನ ನನ್ನ ಹಳೆಯ ಕಥೆಗಳನ್ನು ತೆಗೆದು ನೋಡಿದೆ. ಒಂದರಲ್ಲಿ ಹಿಂದೂ ಮೇಷ್ಟ್ರೊಬ್ಬರು ಬಡ ಮುಸ್ಲಿಂ ಹುಡುಗನ ಪರೀಕ್ಷೆಯ ಫೀಸು ಕಟ್ಟುತ್ತಾರೆ. ಪೇಟೆಯಲ್ಲಿ ಗಲಾಟೆಯಾದ ದಿನ ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸುತ್ತಾರೆ. ಆಮೇಲೆ ಅವರು ಕಥೆಯಲ್ಲಿ ಇಲ್ಲ. ಆ ಕಥೆಗೆ ಬಹುಮಾನವೂ ಬಂದಿತ್ತು. ಹುಡುಗನ ತಾಯಿ ಏನು ಅಡುಗೆ ಮಾಡಿದಳೆಂದು ಅರ್ಧ ಪುಟ ಬರೆದಿದ್ದೇನೆ. ಮೇಷ್ಟ್ರಿಗೆ ಒಂದು ಹೆಸರನ್ನೂ ಇಟ್ಟಿಲ್ಲ. ಅಂದು ಅವರು ಸೈಕಲ್ ತಿರುಗಿಸಿಕೊಂಡು ಯಾವ ಬೀದಿಗೆ ಹೋದರು, ಬಾಗಿಲು ತೆರೆದವರು ಏನು ಕೇಳಿದರು ಎಂಬುದನ್ನು ಈಗ ಬರೆಯಲು ಕೂತಿದ್ದೇನೆ. ಎರಡು ವಾರವಾಯಿತು, ಬಾಗಿಲು ಇನ್ನೂ ತೆರೆದಿಲ್ಲ.