ಪಿಪಿಳೀಕದ ದಾಯಾದಿ

ಆಲ್ಬಟ್ರಾಸ್ ಬಗ್ಗೆ ಬರೆಯಬೇಕೆಂದಿದ್ದೆ. ನವೆಂಬರ್ ಮೊದಲ ವಾರ ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾಕ್ಕೆ ಸೇರಿದ ಪ್ರಿಯಾನ್ ದ್ವೀಪದಲ್ಲಿ ಅಲೆಮಾರಿ ಆಲ್ಬಟ್ರಾಸಿನ ಮರಿಯನ್ನು ಕಣ್ತುಂಬ ನೋಡಿದೆ. ಮಾರ್ಚಿನಲ್ಲಿ ಮೊಟ್ಟೆಯೊಡೆದು ಬಂದದ್ದು, ಇಡೀ ಚಳಿಗಾಲವನ್ನು ಗೂಡಿನ ಮೇಲೇ ಕೂತು ಕಳೆದಿದೆ. ಕತ್ತಿನ ಸುತ್ತ ಇನ್ನೂ ಎಳೆ ತುಪ್ಪುಳ. ಗಾಳಿ ಬೀಸಿದಾಗಲೆಲ್ಲ ಎದ್ದು ನಿಂತು ರೆಕ್ಕೆ ಬಿಚ್ಚುತ್ತದೆ, ಒಂದು ಹೆಜ್ಜೆ ಇಡುತ್ತದೆ, ಮತ್ತೆ ಕೂರುತ್ತದೆ. ಬಿಚ್ಚಿದರೆ ಮೂರು ಮೀಟರ್ ಹಾಯುವ ರೆಕ್ಕೆ.

ಬರೆಯಲು ಕೂತರೆ ಮನಸ್ಸು ಬೇರೊಂದು ಹಕ್ಕಿಯ ಹಿಂದೆ ಹೋಗುತ್ತಿದೆ. ಕಂದು ಹಕ್ಕಿಗಳ ಮೇಲೆ ನನಗೆ ಪಕ್ಷಪಾತ. ನಮ್ಮ ಗದ್ದೆ ಬದುವಿನಲ್ಲಿ ಬಾಲ ಕುಣಿಸುತ್ತ ಓಡುವ ಪಿಪಿಳೀಕ ಇದೆಯಲ್ಲ, ಅದರ ದಾಯಾದಿ ಅಲ್ಲಿದೆ. ದಕ್ಷಿಣ ಜಾರ್ಜಿಯಾ ಪಿಪಿಟ್. ಆ ದ್ವೀಪದ ಏಕೈಕ ಹಾಡುಹಕ್ಕಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಸೀಲ್ ಬೇಟೆಗಾರರ, ತಿಮಿಂಗಿಲ ಬೇಟೆಗಾರರ ಹಡಗುಗಳಿಂದ ಇಳಿದ ಇಲಿಗಳು ಇದನ್ನು ದ್ವೀಪದ ಬಹುಭಾಗದಿಂದ ಅಟ್ಟಿದ್ದವು. ನೆಲದ ಮೇಲೆ, ಹುಲ್ಲಿನ ಪೊದೆಯೊಳಗೆ ಗೂಡು ಕಟ್ಟುವ ಹಕ್ಕಿಗೆ ಇಲಿಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಇಲಿ ತಲುಪದ ಪುಟ್ಟ ದ್ವೀಪಗಳಲ್ಲಿ, ಮುಖ್ಯ ದ್ವೀಪದ ಒಂದೆರಡು ಮೂಲೆಗಳಲ್ಲಿ ಅದು ಹೇಗೋ ಉಳಿಯಿತು. 2011ರಿಂದ 2015ರವರೆಗೆ ಮೂರು ಹಂತದಲ್ಲಿ ಹೆಲಿಕಾಪ್ಟರುಗಳಿಂದ ವಿಷದ ಆಹಾರ ಚೆಲ್ಲಿದರು. ಹಿಮನದಿಗಳು ದ್ವೀಪವನ್ನು ಭಾಗಭಾಗ ಮಾಡಿದ್ದವು, ಇಲಿ ಅವುಗಳನ್ನು ದಾಟದು. ಆದರೆ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿದ್ದವು. ತಡಮಾಡಿದ್ದರೆ ಕೆಲಸ ಕೈ ಮೀರುತ್ತಿತ್ತು. 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಣೆಯಾಯಿತು.

ಹೊರಗಿನದೇನೂ ಮತ್ತೆ ದ್ವೀಪ ಸೇರಬಾರದೆಂದು, ಇಳಿಯುವ ಮುಂಚೆ ಹಡಗಿನಲ್ಲಿ ಚೀಲ, ಬೂಟು, ಬಟ್ಟೆಯ ಹೊಲಿಗೆಯನ್ನೆಲ್ಲ ಚಿಮಟದಿಂದ ಕೆದಕಿಸುತ್ತಾರೆ. ಪಕ್ಷಿ ಸಮೀಕ್ಷೆಯ ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ನನ್ನ ಹಳೆಯ ಚೀಲದ ಅಂಚಿನಲ್ಲಿ ಎರಡು ಉತ್ತರಾಣಿ ಬೀಜ ಸಿಕ್ಕವು. ಯಾವ ಕೆರೆ ದಂಡೆಯಲ್ಲಿ ಅಂಟಿದ್ದವೋ. ಕೈ ನಡುಗಿತು.

ಉದ್ದ ಲೆನ್ಸಿನವರ ಜೊತೆ ನನ್ನ ಜಗಳ ಹಳೆಯದು. ದೊಡ್ಡ ಹಕ್ಕಿ, ಅಪರೂಪದ ಹಕ್ಕಿ, ಪಟ್ಟಿಗೆ ಸೇರುವ ಹಕ್ಕಿ ಬಿಟ್ಟರೆ ಅವರ ಕಣ್ಣಿಗೆ ಉಳಿದದ್ದು ಕಾಣುವುದಿಲ್ಲ. ಅವರು ಪಕ್ಷಿತಜ್ಞ ರಾಬರ್ಟ್ ಕುಶ್ಮನ್ ಮರ್ಫಿಯನ್ನು ಓದಬೇಕು. 1912ರಲ್ಲಿ ಮದುವೆಯಾದ ಹೊಸತರಲ್ಲೇ ಡೈಸಿ ಎಂಬ ತಿಮಿಂಗಿಲ ಬೇಟೆಯ ಹಡಗನ್ನೇರಿ ಈ ದ್ವೀಪಕ್ಕೆ ಬಂದವನು, ಹೆಂಡತಿ ಗ್ರೇಸ್‌ಗಾಗಿ ದಿನಚರಿ ಬರೆದ. ಪುಸ್ತಕವಾದದ್ದು 1947ರಲ್ಲಿ. ನಾನು ನಾಲ್ಕು ಸಲ ಓದಿದ್ದೇನೆ. ಮನೆಯವರಿಗೆ ತೋರಿಸಬೇಕೆಂಬ ಆಸೆಯಿಂದ ನೋಡುವವನ ಕಣ್ಣಿಗೆ ಚಿಕ್ಕದೂ ತಪ್ಪುವುದಿಲ್ಲ.

ದ್ವೀಪದ ಹಳೆಯ ತಿಮಿಂಗಿಲ ಬೇಟೆಯ ಠಾಣೆ ಗ್ರಿಟ್‌ವಿಕನ್ನಿನಲ್ಲಿ ಎಲ್ಲರೂ ಅಂಟಾರ್ಕ್ಟಿಕಾ ಅನ್ವೇಷಕ ಶಾಕಲ್ಟನ್ ಸಮಾಧಿಯ ಸುತ್ತ ನಿಂತಿದ್ದರು. ತುಕ್ಕು ಹಿಡಿದ ಎಣ್ಣೆ ತೊಟ್ಟಿಗಳ ಕಡೆಯಿಂದ ಗಾಳಿ ಬರುತ್ತಿತ್ತು. ಬೇಲಿಯಾಚೆ ಒಂದು ಹಕ್ಕಿ ನೆಟ್ಟಗೆ ಮೇಲೇರಿ, ಉಸಿರು ತೆಗೆದುಕೊಳ್ಳದವರ ಹಾಗೆ ಹಾಡುತ್ತ ಇಳಿಯಿತು. ಎಷ್ಟೋ ಸಮೀಕ್ಷೆಗಳಲ್ಲಿ ಪಿಪಿಳೀಕಕ್ಕೆ ಒಂದು ಗೀಟೆಳೆದು ಮುಂದೆ ಹೋದವನು ನಾನು. ಅಲ್ಲಿ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ಕೊಕ್ಕಿನಲ್ಲಿ ಒಣಹುಲ್ಲಿನ ಎಳೆ ಕಚ್ಚಿಕೊಂಡು ಬಂತು, ಅತ್ತಿತ್ತ ನೋಡಿತು, ಹುಲ್ಲುಪೊದೆಯ ಬುಡಕ್ಕೆ, ನೆಲಮಟ್ಟದಲ್ಲೇ, ನುಸುಳಿತು.