ಹಣತೆ ಲ್ಯಾಂಪ್ ಆದಾಗ



ಬಾನು ಮುಷ್ತಾಕರ 12 ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಕಲ್ಲಾಂಗ್‌ನಲ್ಲಿ ಕೂತು ಕನ್ನಡ, ಇಂಗ್ಲಿಷ್ ಎರಡನ್ನೂ ಓದುವ ನಾವು ಹೆಸರಿನಲ್ಲೇ ತಡೆದು ನಿಂತೆವು. ಮೂಲ ಕತೆಯ ಹೆಸರು ‘ಎದೆಯ ಹಣತೆ’.

ನಮ್ಮ ‘ಎದೆ’ ಮೈಯೂ ಹೌದು, ಮನಸ್ಸೂ ಹೌದು. ಇಂಗ್ಲಿಷ್ ಅದನ್ನು ಹಾರ್ಟ್, ಚೆಸ್ಟ್, ಬ್ರೆಸ್ಟ್ ಎಂದು ಪಾಲು ಮಾಡಿಬಿಟ್ಟಿದೆ. ಹಾರ್ಟ್ ಆರಿಸಿದೊಡನೆ ಎದೆಹಾಲಿನ ಎದೆ ಹೊರಗುಳಿಯಿತು. ಕೈಗೂಸಿನ ತಾಯಿಯ ಕತೆಗೆ ಇದು ಸಣ್ಣ ನಷ್ಟವಲ್ಲ. (ಪ್ರೋಗ್ರಾಮಿನಲ್ಲಿ ಒಂದೇ ಬೆಲೆಗೆ ಎರಡು ಹೆಸರಿಡಬಹುದು, ಮಾತಿನಲ್ಲಿ ಹೆಸರಿನ ಜೊತೆ ಬೆಲೆಯೂ ಬದಲಾಗುತ್ತದೆ.)

ಲ್ಯಾಂಪಿನ ವಿಷಯ ಬೇರೆ. ಲ್ಯಾಂಟರ್ನ್ ಎಂದಿದ್ದರೆ ಈ ಊರಿನಲ್ಲಿ ಚೀನೀಯರ ಹುಣ್ಣಿಮೆ ಹಬ್ಬದ ಕಾಗದದ ಗೂಡುದೀಪ ಕಣ್ಣಿಗೆ ಬರುತ್ತಿತ್ತು. ಲೈಟ್ ಎಂದಿದ್ದರೆ ಸ್ವಿಚ್ಚು. ಲ್ಯಾಂಪಿನಲ್ಲಿ ಹಣತೆಯ ಮಣ್ಣಿಲ್ಲ, ಅಂಗೈಯಷ್ಟರ ಚಿಕ್ಕತನವೂ ಇಲ್ಲ. ಆದರೆ ಇದು ಗಂಡ ಕೈಬಿಟ್ಟ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುವ ಕತೆ, ಮಗಳು ಸಲ್ಮಾ ಬಂದು ತಡೆಯುವ ಕತೆ. ಹಣತೆಗೆ ಯಾರೂ ಸೀಮೆಎಣ್ಣೆ ಹಾಕುವುದಿಲ್ಲ, ಲ್ಯಾಂಪಿಗೆ ಹಾಕುತ್ತಾರೆ. ಕನ್ನಡದಲ್ಲಿ ದೂರ ದೂರವಿದ್ದ ದೀಪವೂ ಬೆಂಕಿಯೂ ಇಂಗ್ಲಿಷ್ ಹೆಸರಿನಲ್ಲಿ ಪಕ್ಕಪಕ್ಕಕ್ಕೆ ಬಂದಿವೆ. ಅನುವಾದಕಿ ಉದ್ದೇಶಿಸಿದ್ದರೋ ಇಲ್ಲವೋ, ಈ ಲಾಭವನ್ನು ಬೇಡವೆನ್ನಲು ನಮಗೆ ಮನಸ್ಸಿಲ್ಲ. ಎದೆಗೆ ಮಾತ್ರ ‘ಹಾರ್ಟ್’ ಸಾಲದು.