ಆರೆಗನ್ನಿನ ಶಾಲಾಶಾಸನವೂ ಒಂದು ಪ್ರಚಾರಕಥೆಯೂ

ಅಮೆರಿಕದ ಆರೆಗನ್ ಸಂಸ್ಥಾನದ ಪ್ರಜೆಗಳು ೧೯೨೨ನೆಯ ನವೆಂಬರ್ ೭ರಂದು ನೇರವಾದ ಮತದಾನದಿಂದ ಒಂದು ಶಾಸನವನ್ನು ಅಂಗೀಕರಿಸಿದರು. ೮ರಿಂದ ೧೬ ವರ್ಷದ ಮಕ್ಕಳೆಲ್ಲರೂ, ಕೆಲವು ವಿನಾಯಿತಿಗಳನ್ನುಳಿದು, ಸರಕಾರಿ ಶಾಲೆಗೇ ಹೋಗತಕ್ಕುದೆಂಬುದು ಅದರ ವಿಧಿ. ಪರವಾದ ಮತಗಳು ೧,೧೫,೫೦೬, ವಿರೋಧವಾದವು ೧,೦೩,೬೮೫. ಶಾಸನದ ಪಾಠವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಯಾವ ಮತದ ಹೆಸರೂ ದೊರೆಯದು. ಪೆಟ್ಟು ಬೀಳಬೇಕಾಗಿದ್ದುದು ಮುಖ್ಯವಾಗಿ ರೋಮನ್ ಕ್ಯಾಥೊಲಿಕರ ಶಾಲೆಗಳ ಮೇಲೆ. ಶಾಸನವು ಹೇಳದೆ ಬಿಟ್ಟುದನ್ನು ಹೇಳಿದುದು ಅದೇ ವರ್ಷ ಹೊರಬಂದ ಜಾರ್ಜ್ ಎಸ್ಟಿಸನ ‘ದಿ ಓಲ್ಡ್ ಸೀಡರ್ ಸ್ಕೂಲ್’ ಎಂಬ ಕಿರುಹೊತ್ತಗೆ. ಕೂ ಕ್ಲಕ್ಸ್ ಕ್ಲಾನ್ ಎಂಬ ದ್ವೇಷಸಂಘದ ಸಮರ್ಥಕನೊಬ್ಬನ ಈ ಕೃತಿಯು ವಿಮರ್ಶೆಗೆ ಅರ್ಹವೇ ಎಂದು ವಿದ್ವಾಂಸರು ಕೇಳಬಹುದು. ಅರ್ಹವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಇದರ ಕೇಡು ಕಲೆಯ ಅಭಾವದಿಂದ ಬಂದುದಲ್ಲ.

ಎಸ್ಟಿಸನು ಗ್ರಾಮ್ಯವನ್ನಾಡುವ ರೈತನ ಬಾಯಿಗೆ ಕಥೆಯನ್ನು ಕೊಟ್ಟಿದ್ದಾನೆ. ಹಳೆಯ ಮರದ ಶಾಲೆಯ ಮೇಲಿನ ಮಮತೆಗೆ ಯಾರಾದರೂ ಮನಸೋಲುವರು. ಮನಸೋತ ಬಳಿಕ ಪಂಗಡಗಳ ಶಾಲೆಗಳ ಅಪಹಾಸ್ಯವು ಮೊದಲಾಗುತ್ತದೆ. ಕ್ಯಾಥೊಲಿಕರದಕ್ಕಂತೂ ಸಂತ ಗ್ರೆಗರಿಯ ಪವಿತ್ರವಾದ ಕಾಲ್ಬೆರಳಿನ ಉಗುರಿನ ಹೆಸರು! ಹಾಸ್ಯಕ್ಕೆ ಆಲಂಬನವಾದವನಲ್ಲಿ ಒಂದಿಷ್ಟು ಮನುಷ್ಯತ್ವವು ಉಳಿದಿರಬೇಕು, ಇಲ್ಲಿ ಉಳಿದಿಲ್ಲ. ನಗುನಗುತ್ತಲೇ ಓದುಗನು ನೆರೆಮನೆಯವನನ್ನು ಹಗೆಯೆಂದು ಒಪ್ಪಿಕೊಂಡುಬಿಡುತ್ತಾನೆ. ಸರಕಾರದ ಮತದಾರರ ಕೈಪಿಡಿಯಲ್ಲಿ ಸ್ಕಾಟಿಷ್ ರೈಟ್ ಮೇಸನರು ಮಂಡಿಸಿದ ವಾದವು, ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಬೆಳೆಯಲೆಂಬುದು, ಸೌಮ್ಯವಾದುದೇ. ಆದರೆ ಕಥೆಯನ್ನು ಓದಿ ಅದಕ್ಕೆ ಬಂದರೆ ‘ಎಲ್ಲ’ ಎಂಬ ಮಾತಿನ ಅರ್ಥವೇ ಬೇರೆಯಾಗುತ್ತದೆ. ಪ್ರಾಟೆಸ್ಟಂಟರಲ್ಲಿಯೇ ಲೂಥರನರೂ ಅಡ್ವೆಂಟಿಸ್ಟರೂ ಅಪಾಯವನ್ನರಿತು ಶಾಸನವನ್ನು ವಿರೋಧಿಸಿದ್ದರು. ಕ್ಲಾನನ್ನು ಖಂಡಿಸಿದ ಗವರ್ನರ್ ಓಲ್ಕಾಟರು ಆ ಚುನಾವಣೆಯಲ್ಲಿ ಸೋತರು. ಶಾಸನವನ್ನು ಬೆಂಬಲಿಸಿದ ವಾಲ್ಟರ್ ಪಿಯರ್ಸರು ಗೆದ್ದರು.

ಶಾಸನವು ೧೯೨೬ರಲ್ಲಿ ಜಾರಿಗೆ ಬರಬೇಕಾಗಿದ್ದಿತು. ೧೯೨೫ನೆಯ ಜೂನ್ ೧ರಂದೇ ಸರ್ವೋಚ್ಚ ನ್ಯಾಯಾಲಯವು ಸರ್ವಾನುಮತದಿಂದ ಅದನ್ನು ಅಸಿಂಧುವೆಂದಿತು. ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸರ ತೀರ್ಪು ತಂದೆತಾಯಿಗಳ ಸ್ವಾತಂತ್ರ್ಯವನ್ನೂ ಶಾಲೆಗಳ ಸ್ವತ್ತಿನ ಹಕ್ಕನ್ನೂ ಆಧರಿಸಿದೆ. ಕ್ಲಾನಿನ ಹೆಸರನ್ನೇ ಎತ್ತುವುದಿಲ್ಲ. ವ್ಯಾಜ್ಯದ ತೀರ್ಮಾನಕ್ಕೆ ಅಷ್ಟು ಸಾಕಾಗಿರಬಹುದು. ಕಥೆಗೆ ಅದು ಉತ್ತರವಾಗಲಿಲ್ಲ. ಸರಕಾರಿ ಶಾಲೆಗಳ ಉಪಾಧ್ಯಾಯರು ಪಾಠಹೇಳುವಾಗ ಮತೀಯ ಉಡುಪನ್ನು ಧರಿಸಕೂಡದೆಂದು ಅದೇ ಸಂಸ್ಥಾನವು ೧೯೨೩ರಲ್ಲಿ ಮಾಡಿದ ಇನ್ನೊಂದು ಶಾಸನವು, ೨೦೧೦ರಲ್ಲಿ ಅದರ ರದ್ದತಿಗೆ ಶಾಸನಸಭೆಯು ಒಪ್ಪುವವರೆಗೂ ಉಳಿದುಕೊಂಡಿತ್ತು.